ಹಳಿ ಎರಡು, ಘಟ್ಟ ಒಂದೇ

"ಎರಡೂ ಹಚ್ಚಿ ಬಿಡ್ರಿ ಸರ, ಡಬಲ್ ಸ್ಪೀಡ್ ಬರ್ತದ."

ಅಳ್ನಾವರದ ನಮ್ಮ ಮನೆಗೆ ಫೈಬರ್ ಕನೆಕ್ಷನ್ ಕೊಡಲು ಬಂದ ಹುಡುಗ ರೌಟರಿನಿಂದ ಒಂದು ಲ್ಯಾನ್ ವೈರ್ ಎಳೆದು ಕಂಪ್ಯೂಟರಿಗೆ ಸಿಗಿಸಿದ. ಅದೇ ಕಂಪ್ಯೂಟರಿನ ವೈಫೈಯನ್ನೂ ಆನ್ ಮಾಡಿ ಈ ಮಾತು ಹೇಳಿದ. ಅವನೊಬ್ಬನ ಮಾತು ಇದಲ್ಲ. ಆನ್‌ಲೈನ್ ಅರ್ಜಿ ತುಂಬಿ ಕೊಡುವ ಅಂಗಡಿಯವರು, ಧಾರವಾಡಕ್ಕೆ ದಿನಾ ಹೋಗಿಬರುವ ಕಾಲೇಜು ಹುಡುಗರು, ಮನೆಯಿಂದಲೇ ಕೆಲಸ ಮಾಡುವ ನೌಕರರು, ಎಲ್ಲರ ಬಾಯಲ್ಲೂ ಇದೇ ಲೆಕ್ಕ ಕೇಳಿದ್ದೇನೆ. ವೈರಿನಲ್ಲಿ 100, ವೈಫೈಯಲ್ಲಿ 50, ಕೂಡಿದರೆ 150. ಎರಡು ನಳ ಬಿಟ್ಟರೆ ಹಂಡೆ ಬೇಗ ತುಂಬುತ್ತದಲ್ಲ, ಹಾಗೆ.

ಈ ಲೆಕ್ಕ ತಪ್ಪು. ಇದನ್ನು ತಿದ್ದುವ ಬಲ್ಲವರದು ಇನ್ನೊಂದು ಮಾತು: "ಎರಡೂ ಹಚ್ಚಿ ಏನೂ ಉಪಯೋಗ ಇಲ್ಲ, ವೈರ್ ಇದ್ದ ಮ್ಯಾಲೆ ವೈಫೈ ಬಂದ್ ಮಾಡ್ರಿ." ಇದೂ ಅಷ್ಟೇ ತಪ್ಪು ಎನ್ನುವುದು ನನ್ನ ವಾದ. ಇಬ್ಬರೂ ವೇಗವೊಂದನ್ನೇ ನೋಡುತ್ತಿದ್ದಾರೆ. ನಮ್ಮಂಥ ಊರಿನಲ್ಲಿ ಕೊರತೆ ಇರುವುದು ವೇಗಕ್ಕಲ್ಲ, ಕಡಿಯದೆ ಉಳಿಯುವ ಸಂಪರ್ಕಕ್ಕೆ.

ಮೊದಲು ಕೂಡಿಸುವ ಲೆಕ್ಕವನ್ನೇ ನೋಡೋಣ. ಅಳ್ನಾವರದವರಿಗೆ ಇದನ್ನು ರೈಲ್ವೆ ಸ್ಟೇಶನ್ನಿನಲ್ಲಿ ನಿಂತೇ ವಿವರಿಸಬಹುದು. ಹುಬ್ಬಳ್ಳಿ–ಲೋಂಡಾ ಮಾರ್ಗದ ಜಂಕ್ಷನ್ ಇದು. ದಾಂಡೇಲಿಯ ಕವಲು ಒಡೆಯುವುದು ಇಲ್ಲೇ. ಜೋಡಿ ಹಳಿ ಹಾಕಿದ ಮೇಲೆ ಯಾವ ರೈಲೂ ಒಂದು ಗಾಲಿ ಈ ಹಳಿಯ ಮೇಲೆ, ಇನ್ನೊಂದು ಗಾಲಿ ಆ ಹಳಿಯ ಮೇಲೆ ಇಟ್ಟುಕೊಂಡು ಎರಡು ಪಟ್ಟು ಓಡಲಿಲ್ಲ. ಒಂದು ಗಾಡಿ ಒಂದು ಹಳಿಯ ಮೇಲೆಯೇ ಹೋಗುತ್ತದೆ. ತಪ್ಪಿದ್ದು ಎದುರಿನ ಗಾಡಿಗೆ ದಾರಿ ಬಿಟ್ಟು ಕಾಯುವ ಕ್ರಾಸಿಂಗು ಮಾತ್ರ.

ಕಂಪ್ಯೂಟರಿನೊಳಗೂ ಹಾಗೆಯೇ. ಹೊರಗೆ ಹೊರಟ ಪ್ರತಿಯೊಂದು ತುಣುಕು ಮಾಹಿತಿಗೂ ಅದು ಒಂದು ದಾರಿಪಟ್ಟಿ ನೋಡಿ ಹಾದಿ ತೋರಿಸುತ್ತದೆ. ಮನೆಯೊಳಗಿನ ಪ್ರಿಂಟರಿಗಾದರೆ ಹೀಗೆ, ಮಿಕ್ಕ ಎಲ್ಲ ಕಡೆಗಾದರೆ ಹಾಗೆ. 'ಮಿಕ್ಕ ಎಲ್ಲ ಕಡೆ'ಗೆ ಎರಡು ದಾರಿಗಳಿದ್ದರೆ ಒಂದೊಂದಕ್ಕೂ ಒಂದು ಸಂಖ್ಯೆ ಇರುತ್ತದೆ, ಚಿಕ್ಕ ಸಂಖ್ಯೆಯ ದಾರಿಯೇ ಗೆಲ್ಲುತ್ತದೆ. ವಿಂಡೋಸ್ ತಾನಾಗಿಯೇ ಗಿಗಾಬಿಟ್ ವೈರಿಗೆ 25 ಕೊಡುತ್ತದೆ, 300 ಎಂಬಿಪಿಎಸ್ ಆಸುಪಾಸಿನ ವೈಫೈಗೆ 35. ಲಿನಕ್ಸಿನ ನೆಟ್‌ವರ್ಕ್ ಮ್ಯಾನೇಜರ್ ವೈರಿಗೆ 100, ವೈಫೈಗೆ 600 ಕೊಡುತ್ತದೆ. ಮ್ಯಾಕ್‌ನಲ್ಲಿ ಒಂದರ ಕೆಳಗೊಂದು ಬರೆದ ಪಟ್ಟಿ ಇದೆ, ಮೇಲಿದ್ದದ್ದು ಮೊದಲು. ಅಂದರೆ ಎರಡೂ ಹಚ್ಚಿದಾಗ ವೈಫೈ ಕೆಲಸವಿಲ್ಲದೆ ಕೂತಿರುತ್ತದೆ. ನಂಬದವರು ಒಂದು ದೊಡ್ಡ ಫೈಲ್ ಇಳಿಸಲು ಹಚ್ಚಿ, ಟಾಸ್ಕ್ ಮ್ಯಾನೇಜರ್ ತೆರೆದು ಎರಡೂ ಗೆರೆಗಳನ್ನು ನೋಡಲಿ. ಒಂದು ಗೆರೆ ಗುಡ್ಡದಂತೆ ಏಳುತ್ತದೆ, ಇನ್ನೊಂದು ನವಲಗುಂದದ ಎರೆಹೊಲದ ಹಾಗೆ ಸಪಾಟಾಗಿ ಬಿದ್ದಿರುತ್ತದೆ.

ಒಂದು ವೇಳೆ ಎರಡರಲ್ಲೂ ಹರಿಯುವಂತೆ ಮಾಡಿದೆವು ಅಂದುಕೊಳ್ಳಿ, ಆಗಲೂ ಲಾಭವಿಲ್ಲ. ವೈರೂ ವೈಫೈಯೂ ಹೊರಡುವುದು ಗೋಡೆಯ ಮೇಲಿನ ಅದೇ ಡಬ್ಬಿಯಿಂದ. ಹಂಡೆಗೆ ಎರಡು ನಳ ಬಿಡಬಹುದು, ಮೇಲಿನ ಟಾಕಿಗೆ ಬರುವ ಪೈಪು ಒಂದೇ. ಆ ಪೈಪು ಕೂಡ ನಮ್ಮೊಬ್ಬರದಲ್ಲ. ಊರಿಗೆ ಬಂದ ಜಿಪಾನ್ ಮಾದರಿಯ ಒಂದು ಫೈಬರಿನ 2.5 ಗಿಗಾಬಿಟ್ ಅನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಅದರ ಮೇಲೆ ನಾವು ದುಡ್ಡು ಕೊಟ್ಟ ಪ್ಲಾನಿನ ಮಿತಿ.

ಎರಡು ಬೇರೆ ಬೇರೆ ಮೂಲದ ಸಂಪರ್ಕಗಳನ್ನು ಕೂಡಿಸಿ ಒಂದೇ ಕೆಲಸಕ್ಕೆ ಹಚ್ಚುವ ವಿದ್ಯೆ ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಮಲ್ಟಿಪಾತ್ ಟಿಸಿಪಿ ಎನ್ನುವ ಪದ್ಧತಿಯ ನಿಯಮಗಳು 2013ರಲ್ಲೇ ಪ್ರಕಟವಾದವು. ಅದೇ ವರ್ಷ ಆಪಲ್ ತನ್ನ ಸಿರಿಯಲ್ಲಿ ಅದನ್ನು ಬಳಸಿತು. 2020ರಲ್ಲಿ ಲಿನಕ್ಸಿನ ತಿರುಳಿನೊಳಗೂ ಅದು ಸೇರಿತು. ಆದರೆ ಎರಡು ದಾರಿಯಲ್ಲಿ ಬಂದ ತುಣುಕುಗಳನ್ನು ಆಚೆ ತುದಿಯಲ್ಲಿ ಕೂಡಿಸಿ ಸಾಲಾಗಿ ಜೋಡಿಸಿಕೊಳ್ಳುವವರು ಬೇಕು. ನಾವು ನೋಡುವ ಜಾಲತಾಣದ ಕಡೆಯಲ್ಲಿ ಆ ಏರ್ಪಾಡು ಇಲ್ಲದಿದ್ದರೆ ಅಳ್ನಾವರದಲ್ಲಿ ಕೂತು ನಾವು ಎಷ್ಟು ವೈರ್ ಸಿಗಿಸಿದರೂ ಫಲವಿಲ್ಲ. ಒಂದು ಸಂಪರ್ಕ ಎಂದರೆ ಈಚೆಯ ಒಂದು ವಿಳಾಸಕ್ಕೂ ಆಚೆಯ ಒಂದು ವಿಳಾಸಕ್ಕೂ ಬಿದ್ದ ಗಂಟು. ವೈರಿಗೆ ಒಂದು ವಿಳಾಸ, ವೈಫೈಗೆ ಇನ್ನೊಂದು. ಗಂಟು ಹಾಕಿದ ಮೇಲೆ ವಿಳಾಸ ಬದಲಾಯಿಸಿದರೆ ಅದು ಬಿಚ್ಚಿಹೋಗುತ್ತದೆ.

ಇಷ್ಟು ಕೇಳಿದ ಮೇಲೆ ಬಲ್ಲವರು ಗೆದ್ದೆವು ಎನ್ನುತ್ತಾರೆ. ಹಾಗಾದರೆ ವೈಫೈ ಬಂದ್ ಮಾಡಿ, ಎರಡೂ ಇದ್ದರೆ ಗೊಂದಲವೇ ಹೆಚ್ಚು ಎನ್ನುತ್ತಾರೆ. ಗೊಂದಲ ಆಗುವುದು ನಿಜ. ಎರಡಕ್ಕೂ ಒಂದೇ ರೌಟರ್ ಅಕ್ಕಪಕ್ಕದ ವಿಳಾಸ ಕೊಟ್ಟಾಗ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಫೈಲ್ ಕಳಿಸಿದರೆ ಅದು ನಿಧಾನದ ವೈಫೈ ವಿಳಾಸವನ್ನೇ ಹಿಡಿದು ಕೂರುವುದುಂಟು. ವೈರ್ ಯಾವಾಗಲೂ ಮುಂದು ಎನ್ನುವುದೂ ಖಾತ್ರಿಯಿಲ್ಲ. ಗಿಗಾಬಿಟ್‌ಗೆ ವೈರಿನೊಳಗಿನ ಎಂಟೂ ಎಳೆಗಳು ಸರಿಯಿರಬೇಕು. ಅಟ್ಟದ ಮೇಲೆ ಇಲಿ ಒಂದೆರಡು ಎಳೆ ಕಡಿದರೆ ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿಯುವುದುಂಟು. ಅದೇ ಕೋಣೆಯಲ್ಲಿರುವ 5 ಗಿಗಾಹರ್ಟ್ಸ್ ವೈಫೈ ಆಗ ಅದಕ್ಕಿಂತ ಜೋರಾಗಿ ಓಡಬಹುದು. ಆದರೆ ಪಡಸಾಲೆಯಿಂದ ಅಡಿಗೆಮನೆಯ ಆಚೆಗೆ, ನಮ್ಮ ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆ ಎರಡು ದಾಟಿತೋ, ಆ 5 ಗಿಗಾಹರ್ಟ್ಸಿನ ಉಸಿರು ನಿಲ್ಲುತ್ತದೆ.

ಇವೆಲ್ಲ ಸಣ್ಣ ತೊಡಕುಗಳು. ದೊಡ್ಡ ತೊಡಕು ಬೇರೆ ಇದೆ, ಎರಡನ್ನೂ ಒಟ್ಟಿಗೆ ಬಳಸುವ ಒಂದು ಒಳ್ಳೆಯ ರೀತಿಯೂ ಅದರೊಳಗೇ ಅಡಗಿದೆ. ಈಗ ಅಂಗಡಿ ಅಂಗಡಿಗೂ, ಎಷ್ಟೋ ಮನೆಗಳಿಗೂ ಸಿಸಿ ಕ್ಯಾಮೆರಾ ಬಂದಿದೆ. ಕ್ಯಾಮೆರಾದ ರೆಕಾರ್ಡರ್ ಡಬ್ಬಿಯಿಂದ ಕಂಪ್ಯೂಟರಿಗೆ ಒಂದು ವೈರ್ ಹಾಕುತ್ತಾರೆ. ಇಂಟರ್ನೆಟ್ಟಿಗೆ ಫೋನಿನ ಹಾಟ್‌ಸ್ಪಾಟ್. ವೈರ್ ಸಿಗಿಸಿದ ಕ್ಷಣ ನೆಟ್ ನಿಲ್ಲುತ್ತದೆ, ಕಿತ್ತರೆ ಮತ್ತೆ ಬರುತ್ತದೆ. "ಕ್ಯಾಮೆರಾ ನೋಡಬೇಕಂದ್ರ ನೆಟ್ ಬಂದ್ ಆಗ್ತದ" ಎಂದು ಅಂಗಡಿಯವರು ಇದನ್ನು ಹಣೆಬರಹ ಎಂದೇ ಒಪ್ಪಿಕೊಂಡಿದ್ದಾರೆ. ಆಗಿರುವುದು ಇಷ್ಟೇ: ವೈರಿನ ಸೆಟ್ಟಿಂಗಿನಲ್ಲಿ ಯಾರೋ 'ಗೇಟ್‌ವೇ' ಎನ್ನುವ ಜಾಗದಲ್ಲಿ ರೆಕಾರ್ಡರಿನ ವಿಳಾಸ ತುಂಬಿದ್ದಾರೆ. ವೈರಿನ ಸಂಖ್ಯೆ ಚಿಕ್ಕದು. ಹಾಗಾಗಿ ಕಂಪ್ಯೂಟರು ಲೋಕಕ್ಕೆ ಹೊರಟದ್ದನ್ನೆಲ್ಲ ಹೊರದಾರಿಯೇ ಇಲ್ಲದ ಆ ಡಬ್ಬಿಯತ್ತ ಕಳಿಸುತ್ತದೆ. ಗೇಟ್‌ವೇ ಜಾಗವನ್ನು ಖಾಲಿ ಬಿಟ್ಟರೆ ವೈರು ಕ್ಯಾಮೆರಾಕ್ಕೆ ಮಾತ್ರ, ವೈಫೈ ಲೋಕಕ್ಕೆಲ್ಲ. ಎರಡೂ ಇಡೀ ದಿನ ಜಗಳವಿಲ್ಲದೆ ಒಟ್ಟಿಗೆ ನಡೆಯುತ್ತವೆ. ಲೆಕ್ಕಪತ್ರದ ಕಂಪ್ಯೂಟರಿಗೆ ಪ್ರಿಂಟರನ್ನು ವೈರಿನಲ್ಲಿ, ಇಂಟರ್ನೆಟ್ಟನ್ನು ವೈಫೈಯಲ್ಲಿ ಕೊಡುವವರಿಗೂ ಇದೇ ಹಂಚಿಕೆ. "ವೈಫೈ ಬಂದ್ ಮಾಡ್ರಿ" ಎಂದು ಸಲಹೆ ಕೊಡುವವರು ಈ ಒಂದು ಖಾಲಿ ಜಾಗದ ಬಗ್ಗೆ ಹೇಳಿಕೊಟ್ಟಿದ್ದರೆ ಎಷ್ಟೋ ಅಂಗಡಿಗಳ ದಿನದ ಕಿರಿಕಿರಿ ತಪ್ಪುತ್ತಿತ್ತು.

ಇನ್ನು ನಾನು ಈ ವಿಷಯ ಹಚ್ಚಿಕೊಂಡ ಕಾರಣಕ್ಕೆ ಬರುತ್ತೇನೆ.

ಪುನರ್ವಸು ಮಳೆಯ ಒಂದು ಮಧ್ಯಾಹ್ನ ನನ್ನ ಅಕ್ಕನ ಮಗಳಿಗೆ ಕಂಪ್ಯೂಟರಿನಲ್ಲಿ ಸಂದರ್ಶನ ಇತ್ತು. ಅಳ್ನಾವರದ ಮಳೆ ಧಾರವಾಡದ್ದಲ್ಲ. ಅಣ್ಣಿಗೇರಿ, ಕುಂದಗೋಳದ ಕಡೆಯವರು ಮೋಡ ನೋಡುತ್ತ ಕೂತಿರುವಾಗ ಇಲ್ಲಿ ಹಂಚಿನ ಮಾಡು ದಿನಗಟ್ಟಲೆ ತೊಟ್ಟಿಕ್ಕುತ್ತಿರುತ್ತದೆ. ಕಾಡು ಊರಿನ ಬಾಗಿಲಿಗೇ ಬಂದಿದೆ. "ನೆಟ್ ಹೋದ್ರ ಹೆಂಗವಾ?" ಎಂದೆ. "ಎರಡೂ ಅದಾವಲ್ಲ ಮಾಮಾ, ಒಂದು ಹೋದ್ರ ಇನ್ನೊಂದು ಇರ್ತದ" ಎಂದಳು. ನನಗೂ ಸರಿ ಅನ್ನಿಸಿತು. ಸಂದರ್ಶನ ಶುರುವಾಗಿ ಸ್ವಲ್ಪ ಹೊತ್ತಿಗೆ ಬೀದಿಯ ಆಚೆ ಎಲ್ಲೋ ಟೊಂಗೆ ಮುರಿದು ತಂತಿಯ ಮೇಲೆ ಬಿತ್ತು. ಎದುರಿನವರ ಮುಖ ಪರದೆಯ ಮೇಲೆ ಹಾಗೇ ನಿಂತಿತು. ಕಂಪ್ಯೂಟರಿನ ಮೂಲೆಯಲ್ಲಿ ವೈರ್ ಇದೆ ಎನ್ನುವ ಗುರುತೂ ಇತ್ತು, ವೈಫೈಯ ಬಿಲ್ಲುಗಳೂ ತುಂಬಿದ್ದವು. ಗೋಡೆಯ ಡಬ್ಬಿಯಲ್ಲಿ 'ಎಲ್‌ಒಎಸ್' ಎಂದು ಬರೆದ ಸಣ್ಣ ದೀಪ ಮಾತ್ರ ಕೆಂಪಗೆ ಮಿಣುಕುತ್ತಿತ್ತು. ಹೊರಗಿನಿಂದ ಬೆಳಕು ಬರುತ್ತಿಲ್ಲ ಎಂದು ಅದರ ಅರ್ಥ. ಆ ದಿನ ಅದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಅವಳ ಫೋನಿನಲ್ಲಿ ಬೇರೆ ಕಂಪನಿಯ ಸಿಮ್ ಇತ್ತು, ಸಿಗ್ನಲ್ಲೂ ಇತ್ತು. ಹಾಟ್‌ಸ್ಪಾಟ್ ಆನ್ ಮಾಡಿ ಕಂಪ್ಯೂಟರಿನ ವೈಫೈಯನ್ನು ಅದಕ್ಕೆ ಜೋಡಿಸಿದೆವು. ಜೋಡಿಸಿದರೂ ಬರಲಿಲ್ಲ. ಐದು ನಿಮಿಷ, ಹತ್ತು ನಿಮಿಷ. ಹುಡುಗಿಯ ಕಣ್ಣಲ್ಲಿ ನೀರು ನಿಂತಿತು. ಕೊನೆಗೆ ಏನೂ ತೋಚದೆ ಲ್ಯಾನ್ ವೈರನ್ನು ಕಿತ್ತು ಹಾಕಿದೆ. ಕಿತ್ತ ಕೂಡಲೇ ನೆಟ್ ಬಂತು!

ಯಾಕೆ ಹಾಗಾಯಿತು ಎಂದು ಆಮೇಲೆ ತಿಳಿದುಕೊಂಡೆ. ನಮ್ಮ ಕಂಪ್ಯೂಟರು ನೋಡುತ್ತಿದ್ದದ್ದು ಪಡಸಾಲೆಯ ಡಬ್ಬಿಯವರೆಗೆ ಮಾತ್ರ. ಆ ಎರಡು ಮೀಟರ್ ವೈರು ಜೀವಂತವಾಗಿತ್ತು. ಬೀದಿಯಲ್ಲಿ ತಂತಿ ಕಡಿದದ್ದು ಅದರ ಕಣ್ಣಿಗೆ ಬೀಳುವುದಿಲ್ಲ. ಚಿಕ್ಕ ಸಂಖ್ಯೆಯ ದಾರಿ ಇದೆಯಲ್ಲ ಎಂದು ಅದು ಎಲ್ಲವನ್ನೂ ಸತ್ತ ದಾರಿಗೇ ಸುರಿಯುತ್ತಿತ್ತು; ಪಕ್ಕದಲ್ಲಿ ಹಾಟ್‌ಸ್ಪಾಟಿನ ಜೀವಂತ ದಾರಿ ಖಾಲಿ ಬಿದ್ದಿತ್ತು. ಲಿನಕ್ಸಿನ ನೆಟ್‌ವರ್ಕ್ ಮ್ಯಾನೇಜರಿನಲ್ಲಿ ಸಂಪರ್ಕ ಪರೀಕ್ಷೆಯ ಏರ್ಪಾಡು ಚಾಲೂ ಇದ್ದರೆ, ಹೊರಜಗತ್ತು ಸಿಗದ ದಾರಿಗೆ ದೊಡ್ಡ ಸಂಖ್ಯೆ ಸೇರಿಸಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಎರಡು ಇಂಟರ್ನೆಟ್ ಸಂಪರ್ಕ ಹಚ್ಚಬಹುದಾದ ರೌಟರುಗಳೂ ಆಗಾಗ ಹೊರಗಿನ ಒಂದು ವಿಳಾಸವನ್ನು ಕೂಗಿ ನೋಡಿ, ಉತ್ತರ ಬರದಿದ್ದರೆ ದಾರಿ ಬದಲಿಸುತ್ತವೆ. ಅಂಥದ್ದು ಇಲ್ಲದ ಮನೆಯಲ್ಲಿ ಕೈಯೇ ಕೆಲಸ ಮಾಡಬೇಕು: ಕೆಂಪು ದೀಪ ಕಂಡರೆ ವೈರ್ ಕೀಳಬೇಕು.

ಹಾಗಾಗಿ "ಎರಡೂ ಅದಾವಲ್ಲ" ಎನ್ನುವ ನಂಬಿಕೆಯೇ ನನ್ನ ಮುಖ್ಯ ತಕರಾರು. ಒಂದೇ ಡಬ್ಬಿಯಿಂದ ಹೊರಟ ವೈರ್ ಮತ್ತು ವೈಫೈ ಎರಡು ಸಂಪರ್ಕಗಳಲ್ಲ, ಒಂದೇ ಸಂಪರ್ಕಕ್ಕೆ ಎರಡು ಬಾಗಿಲು. ಓಣಿಯೇ ಮುಚ್ಚಿದರೆ ಮನೆಗೆ ಎಷ್ಟು ಬಾಗಿಲಿದ್ದೂ ಏನು ಬಂತು?

ಬೇರೆ ಬೇರೆ ದಾರಿಗಳಿದ್ದರೂ ಸಾಲದು ಎನ್ನುವುದಕ್ಕೆ ನಮ್ಮ ಮಾರ್ಗದಲ್ಲೇ ನಡೆದ ಒಂದು ಘಟನೆ ಇದೆ. 2021ರ ಜುಲೈನಲ್ಲಿ ಚಿಪ್ಳೂಣದ ಕಡೆ ನೆರೆ ಬಂದು ಕೊಂಕಣ ರೈಲ್ವೆ ನಿಂತಿತು. ಮಂಗಳೂರಿನಿಂದ ಮುಂಬೈಗೆ ಹೊರಟಿದ್ದ ಗಾಡಿಯನ್ನು ಮಡಗಾಂವ್, ಲೋಂಡಾ, ಮೀರಜ್ ಮೇಲೆ ಸುತ್ತು ಹಾಕಿಸಿದರು. ಜುಲೈ 23ರಂದು ಅದೇ ಗಾಡಿ ದೂಧಸಾಗರ ಮತ್ತು ಸೋನಾವಳಿಯ ನಡುವೆ ಗುಡ್ಡ ಕುಸಿದು ಹಳಿ ತಪ್ಪಿತು. ಒಂದು ದಾರಿ ಸಮುದ್ರದ ಮಗ್ಗುಲಿನದು, ಇನ್ನೊಂದು ಘಟ್ಟ ಏರುವುದು. ನಕಾಶೆಯಲ್ಲಿ ಎರಡೂ ಬೇರೆ. ಆದರೆ ಅದೇ ಮಳೆ ಎರಡನ್ನೂ ಹೊಡೆಯಿತು. ಲೋಂಡಾದ ಈಚೆ ನಮ್ಮ ಕಡೆ ಎಷ್ಟು ಹಳಿ ಹಾಕಿದರೂ ಗೋವಾಕ್ಕೆ ಇಳಿಯುವ ಗಾಡಿಗೆ ಘಟ್ಟ ಒಂದೇ.

ಮನೆಯ ನೆಟ್ಟಿಗೂ ಇದೇ ಪ್ರಶ್ನೆ ಕೇಳಬೇಕು: ಫೈಬರನ್ನೂ ಫೋನನ್ನೂ ಒಟ್ಟಿಗೇ ಬೀಳಿಸುವುದು ಯಾವುದು? ಮೊಬೈಲ್ ಟವರಿಗೂ ಮಾಹಿತಿ ಬರುವುದು ಫೈಬರಿನಿಂದ ಅಥವಾ ತಟ್ಟೆಯಂಥ ಆಂಟೆನಾದಿಂದ. ಫೈಬರ್ ಆಗಿದ್ದರೆ ಅದು ನಮ್ಮ ಮನೆಯ ತಂತಿ ಬರುವ ಹಾದಿಯಲ್ಲೇ ಬಂದಿರಬಹುದು. ಎರಡು ಕಂಪನಿಗಳಿಗೆ ದುಡ್ಡು ಕೊಟ್ಟೂ ಒಂದೇ ಟೊಂಗೆಗೆ ಎರಡನ್ನೂ ಕಳೆದುಕೊಳ್ಳಬಹುದು.

ಇನ್ನೊಂದು ಸಮಾನ ಶತ್ರು ಕರೆಂಟ್. "ಕರೆಂಟ್ ಹೋತು ಅಂದ್ರ ನೆಟ್ ಹೋತು" ಎನ್ನುವುದು ಇನ್ನೊಂದು ಗಟ್ಟಿಯಾದ ನಂಬಿಕೆ. ಇದು ಅರ್ಧ ಮಾತ್ರ ನಿಜ. ಫೈಬರಿನಲ್ಲಿ ಹರಿಯುವುದು ಬೆಳಕು. ಜಿಪಾನ್ ಜಾಲದಲ್ಲಿ ಬೀದಿಯಲ್ಲಿ ಕವಲೊಡೆಸುವ ಸ್ಪ್ಲಿಟರಿಗೆ ಕರೆಂಟೇ ಬೇಡ. ಅದು ಬೇಕಾಗುವುದು ಎರಡು ತುದಿಗಳಿಗೆ. ಆಚೆ ತುದಿಯಲ್ಲಿ ಬ್ಯಾಟರಿ ಇಟ್ಟಿರುತ್ತಾರೆ. ಈಚೆ ತುದಿಯ ನಮ್ಮ ಡಬ್ಬಿಗೆ ಸಾಮಾನ್ಯವಾಗಿ ಬೇಕಾಗುವುದು 12 ವೋಲ್ಟಿನ ಸಣ್ಣ ಅಡಾಪ್ಟರಿನಷ್ಟು ಶಕ್ತಿ. ರೌಟರಿಗೆಂದೇ ಸಿಗುವ ಅಂಗೈಯಷ್ಟು ದೊಡ್ಡ ಬ್ಯಾಟರಿ ಡಬ್ಬಿಯೊಂದು ಇದ್ದರೆ, ಊರೆಲ್ಲ ಕತ್ತಲಾದಾಗಲೂ ಫೈಬರ್ ನಡೆಯುತ್ತಿರುತ್ತದೆ. ಕರೆಂಟ್ ಹೋಗಿ ಬಹಳ ಹೊತ್ತಾಗಿ ಟವರಿನ ಬ್ಯಾಟರಿ ಇಳಿದಾಗ ಫೋನಿಗಿಂತ ಅದೇ ಗಟ್ಟಿಯಾಗಿ ನಿಲ್ಲಬಹುದು. ತಾಮ್ರದ ತಂತಿಯ ಕಾಲ ಬೇರೆ ಇತ್ತು; ರೋಹಿಣಿ ಮಳೆಯ ಗುಡುಗಿಗೆ ಹೆದರಿ ಮೋಡೆಮ್ ಕಿತ್ತಿಡುತ್ತಿದ್ದೆವು. ಆ ಕಾಲದ ಅಂಜಿಕೆಯನ್ನೇ ಗಾಜಿನ ಎಳೆಗೂ ಅಂಟಿಸಿಕೊಂಡು ಕೂತಿದ್ದೇವೆ.

ಇಷ್ಟರ ಮೇಲೂ ಊರಿನವರಿಗೆ ಸಿಗುವ ಸಲಹೆ ಒಂದೇ: ದೊಡ್ಡ ಪ್ಲಾನ್ ಹಾಕಿಸಿ. ಕೇಂದ್ರ ಸರಕಾರದ 2004ರ ನೀತಿಯಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು 256 ಕೆಬಿಪಿಎಸ್ ಸಾಕಿತ್ತು, 2023ರಲ್ಲಿ ಅದನ್ನು 2 ಎಂಬಿಪಿಎಸ್‌ಗೆ ಏರಿಸಿದರು. ಒಂದು ವಿಡಿಯೋ ಸಂದರ್ಶನಕ್ಕೆ ಮೂರು ನಾಲ್ಕು ಎಂಬಿಪಿಎಸ್ ಧಾರಾಳ. 100 ಇದ್ದವರು 150ರ ಬೆನ್ನು ಹತ್ತುವುದರಲ್ಲಿ ಏನರ್ಥವಿದೆ? ಅಳ್ನಾವರ ತಾಲೂಕು ಕೇಂದ್ರವಾಗಿದೆ. ಪರೀಕ್ಷೆಯ ಅರ್ಜಿ, ವಿದ್ಯಾರ್ಥಿವೇತನ, ಹೊಲದ ಉತಾರ, ಎಲ್ಲವೂ ಪರದೆಯ ಮೇಲೆ ಬಂದಿವೆ. ಕೊನೆಯ ದಿನ ಸಂಜೆ ಅರ್ಧ ಗಂಟೆ ನೆಟ್ ಹೋದರೆ ಒಬ್ಬ ಹುಡುಗನ ಒಂದು ವರ್ಷ ಹೋಗಬಹುದು. ಬೆಂಗಳೂರು, ಪುಣೆಯ ಕೆಲಸವನ್ನು ಇಲ್ಲೇ ಕೂತು ಮಾಡುವ ಹೆಣ್ಣುಮಕ್ಕಳಿದ್ದಾರೆ. ಸಂಪರ್ಕ ಪದೇಪದೇ ಕಡಿದರೆ ಅವರಿಗೆ ಬರುವ ಮಾತು "ಊರು ಬಿಟ್ಟು ಬನ್ನಿ" ಎನ್ನುವುದೇ. ಅವರಿಗೆ ಇನ್ನೂ ಐವತ್ತು ಎಂಬಿಪಿಎಸ್ ಬೇಡ. ಒಂದು ದಾರಿ ಬಿದ್ದಾಗ ನಿಮಿಷದೊಳಗೆ ಇನ್ನೊಂದಕ್ಕೆ ದಾಟಲು ಬರಬೇಕು.

ದಾಟುವುದನ್ನು ಅಭ್ಯಾಸವೂ ಮಾಡಬೇಕು. ದಾಂಡೇಲಿಯ ಕವಲು ಹಳಿ ನೆಲದ ಮೇಲೆ ಇದ್ದೇ ಇತ್ತು, ಆದರೆ ಎರಡು ದಶಕಕ್ಕೂ ಹೆಚ್ಚು ಕಾಲ ಅದರ ಮೇಲೆ ಪ್ರಯಾಣಿಕರ ರೈಲು ಇರಲಿಲ್ಲ. ಮತ್ತೆ ಓಡಿದ್ದು 2019ರ ನವೆಂಬರಿನಲ್ಲಿ. ಹಳಿ ಇದೆ ಎಂದು ನಂಬಿ ಪ್ಲಾಟ್‌ಫಾರಂನಲ್ಲಿ ಕೂತವನನ್ನು ಹಳಿ ಒಯ್ಯುವುದಿಲ್ಲ. ರೀಚಾರ್ಜ್ ಮುಗಿದ ಎರಡನೇ ಸಿಮ್ಮು, ಗುಪ್ತಪದ ಮರೆತ ಹಾಟ್‌ಸ್ಪಾಟು ಅಂಥ ಹಳಿಗಳೇ. ನಮ್ಮ ಮನೆಯಲ್ಲಿ ಈಗ ತಿಂಗಳಿಗೊಮ್ಮೆ ರವಿವಾರ, ಯಾರೋ ಏನೋ ನೋಡುತ್ತಿರುವಾಗಲೇ ಫೈಬರ್ ಡಬ್ಬಿಯ ಸ್ವಿಚ್ ಆರಿಸಿ ನೋಡುತ್ತೇವೆ.

ಅಕ್ಕನ ಮಗಳಿಗೆ ಆ ಸಂದರ್ಶಕರು ಇನ್ನೊಂದು ದಿನ ಕೊಟ್ಟರು. ಆ ದಿನ ಲ್ಯಾನ್ ವೈರ್ ಫೈಬರಿಗೆ, ವೈಫೈ ಮೊದಲೇ ಫೋನಿನ ಹಾಟ್‌ಸ್ಪಾಟಿಗೆ, ರೌಟರು ಬ್ಯಾಟರಿಯ ಮೇಲೆ. ಗೋಡೆಯ ದೀಪದ ಮೇಲೆ ಕಣ್ಣಿಟ್ಟು ವೈರಿನ ಪಕ್ಕ ನಾನು. ಆ ದಿನ ಕೀಳುವ ಪ್ರಸಂಗ ಬರಲಿಲ್ಲ.

ಮುಂದಿನ ಮಳೆಗಾಲಕ್ಕೆ ಇನ್ನೊಂದು ಕಂಪನಿಯ ಫೈಬರನ್ನೂ ಹಾಕಿಸೋಣ ಎಂದು ಮನೆಯಲ್ಲಿ ಮಾತಾಯಿತು. ತಂತಿ ಎಳೆಯುವವನು ಬಂದ. ಬೆಲೆ, ಸ್ಪೀಡು ಹೇಳತೊಡಗಿದವನನ್ನು ನಿಲ್ಲಿಸಿ ಅಂಗಳಕ್ಕೆ ಕರೆದುಕೊಂಡು ಹೋಗಿ ಕೇಳಿದೆ: "ನಿಮ್ಮ ವೈರ್ ಯಾವ ಕಡಿಂದ ಬರ್ತದಪಾ?" ಅವನು ಬೀದಿಯ ತುದಿಯ ಕಂಬ ತೋರಿಸಿದ. ಈಗಿರುವ ನಮ್ಮ ತಂತಿಯೂ ಅದೇ ಕಂಬದಿಂದ ಇಳಿದಿದೆ. ಅಲ್ಲಿಂದ ಮುಂದಿನದು, ಅದರ ಮುಂದಿನದು, ಮಾವಿನ ಮರ ದಾಟಿ ಮುಖ್ಯ ರಸ್ತೆಯವರೆಗೆ ಎರಡೂ ತಂತಿಗಳು ಜೊತೆಯಾಗಿಯೇ ಹೋಗುತ್ತವೆ ಎಂದ.

ಆ ಕನೆಕ್ಷನ್ ತೆಗೆದುಕೊಳ್ಳಲಿಲ್ಲ. ಆ ದುಡ್ಡಿಗೆ ಫೋನಿಗೊಂದು ದೊಡ್ಡ ಡೇಟಾ ಪ್ಯಾಕ್ ಹಾಕಿಸಿದೆವು.